ದುಡ್ಡು ಹೋದ ರಾತ್ರಿಯಿಂದ ಕೋರ್ಟಿನ ಆದೇಶದವರೆಗೆ

ಫೋನ್ ಕರೆಯಲ್ಲಿ ಮೋಸ ಹೋದವರು ಮೊದಲು ಮಾಡುವ ಕೆಲಸ ಹೆಚ್ಚಾಗಿ ಒಂದೇ: ಮೋಸ ಮಾಡಿದವನಿಗೇ ಮತ್ತೆ ಫೋನ್ ಮಾಡುವುದು. "ಸರ್, ದುಡ್ಡು ಕಟ್ ಆಯ್ತಲ್ಲ, ವಾಪಸ್ ಹಾಕಿ" ಎಂದು ಕೇಳುವುದು. ಅವನೇನೂ ಫೋನ್ ಇಟ್ಟು ಓಡುವುದಿಲ್ಲ. "ಸರ್ವರ್ ಪ್ರಾಬ್ಲಂ ಮೇಡಂ, ರೀಫಂಡ್ ಹಾಕ್ತಿದೀವಿ, ಲೈನಲ್ಲೇ ಇರಿ" ಎನ್ನುತ್ತಾನೆ. ಹಾಗೆ ಲೈನಲ್ಲಿ ಕಾದ ಇಪ್ಪತ್ತು ನಿಮಿಷದಲ್ಲಿ ಮೊದಲು ಹೋದ ದುಡ್ಡು ಎರಡು ಮೂರು ಖಾತೆ ದಾಟಿರುತ್ತದೆ. ಎಷ್ಟೋ ಸಲ "ರೀಫಂಡ್" ಹೆಸರಲ್ಲೇ ಇನ್ನೊಂದು ಕಂತೂ ಹೋಗಿರುತ್ತದೆ.

ಆದ್ದರಿಂದ ಮೊದಲು ಕರೆ ಕಟ್ ಮಾಡಿ. ಅವನು ಎನಿಡೆಸ್ಕ್, ಟೀಮ್‌ವ್ಯೂವರ್ ತರಹದ, ದೂರದಲ್ಲಿ ಕೂತು ನಿಮ್ಮ ಫೋನ್ ನಡೆಸುವ ಆ್ಯಪ್ ಹಾಕಿಸಿದ್ದರೆ, ವಾಟ್ಸಾಪಿನಲ್ಲಿ ಸ್ಕ್ರೀನ್ ಶೇರ್ ಮಾಡಿಸಿಕೊಂಡಿದ್ದರೆ, ಅಥವಾ "ಆರ್‌ಟಿಒ ಚಲನ್", "ಮದುವೆ ಕರೆಯೋಲೆ" ಹೆಸರಿನ ಎಪಿಕೆ ಫೈಲ್ (ಆ್ಯಪನ್ನು ನೇರವಾಗಿ ಫೋನಿಗೆ ಹಾಕುವ ಫೈಲು) ಇನ್‌ಸ್ಟಾಲ್ ಆಗಿದ್ದರೆ ಕರೆ ಕಟ್ ಮಾಡಿದರಷ್ಟೇ ಸಾಲದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಮುಂದಿನ ಎಲ್ಲ ಕರೆಗಳನ್ನೂ ಬೇರೆ ಫೋನಿನಿಂದ ಮಾಡಿ, ಮಗಳದ್ದೋ ಪಕ್ಕದ ಮನೆಯವರದ್ದೋ ಆಗಬಹುದು. ಎಪಿಕೆಯ ಅಪಾಯ ಏನೆಂದರೆ ಅದು ಬರುವ ಎಸ್ಸೆಮ್ಮೆಸ್ಸನ್ನೆಲ್ಲ ಅವನಿಗೆ ರವಾನಿಸುತ್ತಿರುತ್ತದೆ. ನೀವು ಬ್ಯಾಂಕಿನವರ ಜೊತೆ ಮಾತಾಡುತ್ತಿರುವಾಗಲೇ ಒಟಿಪಿ ಅವನ ಕೈಗೆ ಸಿಗುತ್ತಿರುತ್ತದೆ. ಸಿಮ್ ತೆಗೆದು ಒಂದು ಸಾದಾ ಫೋನಿಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ, ಬ್ಯಾಂಕಿನ ಒಟಿಪಿ ನಿಮಗೇ ಬರುತ್ತದೆ. ಫೋನನ್ನು ಮಾತ್ರ ರೀಸೆಟ್ ಮಾಡಬೇಡಿ. ಗಾಬರಿಯಲ್ಲಿ ಎಲ್ಲ ಅಳಿಸಿಬಿಟ್ಟರೆ ಠಾಣೆಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ.

ಮುಂದಿನ ಕೆಲಸ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿಗೆ ಕರೆ. ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಮೊದಲೋ ಇದಕ್ಕೆ ಮೊದಲೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಅದು, ಒಬ್ಬರು ಇದು. ಒಬ್ಬರೇ ಇದ್ದು ಖಾತೆಯಿಂದ ಇನ್ನೂ ದುಡ್ಡು ಹೋಗುತ್ತಲೇ ಇದ್ದರೆ ಮೊದಲು ಬ್ಯಾಂಕಿಗೆ ಹೇಳಿ ಖಾತೆ ಮತ್ತು ಕಾರ್ಡ್ ಬ್ಲಾಕ್ ಮಾಡಿಸಿ. ಹೋಗಿ ಮುಗಿದಿದ್ದರೆ ಮೊದಲು 1930. ಕಾರಣ ಸರಳ. ನಿಮ್ಮ ಬ್ಯಾಂಕು ತಡೆಯಬಲ್ಲದ್ದು ನಿಮ್ಮ ಖಾತೆಯಿಂದ ಹೊರಡುವ ದುಡ್ಡನ್ನು. ಹೊರಟುಹೋದದ್ದರ ಬೆನ್ನು ಹತ್ತುವ ವ್ಯವಸ್ಥೆ ಇರುವುದು 1930ರ ಹಿಂದೆ. 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಇದು ಶುರುವಾಯಿತು, ಆಮೇಲೆ ನೆನಪಿಟ್ಟುಕೊಳ್ಳಲು ಸುಲಭವಾಗಲೆಂದು 1930 ಆಯಿತು. ಹಳೆಯ ಪಾಂಪ್ಲೆಟ್ಟುಗಳಲ್ಲಿ ಇನ್ನೂ 155260 ಕಂಡರೆ ಅದಕ್ಕೆ ಡಯಲ್ ಮಾಡುತ್ತ ಕೂರಬೇಡಿ.

ಕರೆ ಮಾಡುವ ಮುನ್ನ ಒಂದು ಪೆನ್ನು, ಒಂದು ಹಾಳೆ ತೆಗೆದುಕೊಂಡು ಬರೆದಿಟ್ಟುಕೊಳ್ಳಬೇಕಾದದ್ದು: ದುಡ್ಡು ಹೋದ ಬ್ಯಾಂಕು, ಖಾತೆ ಸಂಖ್ಯೆ, ಪ್ರತಿ ಸಲ ಹೋದ ಮೊತ್ತ ಮತ್ತು ಸಮಯ, ಅವನ ಫೋನ್ ನಂಬರು, ಅವನು ಕೊಟ್ಟ ಯುಪಿಐ ಐಡಿ ಅಥವಾ ಖಾತೆ ಸಂಖ್ಯೆ, ನಿಮ್ಮ ಮನೆ ಯಾವ ಠಾಣೆ ವ್ಯಾಪ್ತಿಗೆ ಬರುತ್ತದೆ ಎಂಬುದು. ಇವೆಲ್ಲಕ್ಕಿಂತ ಮುಖ್ಯವಾದ್ದು ಟ್ರಾನ್ಸಾಕ್ಷನ್ ಸಂಖ್ಯೆ. ಜನ ಅತಿ ಹೆಚ್ಚು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

2025ರ ಮಾರ್ಚ್ 15ರ ಸಂಜೆ ಖಾತೆಯಿಂದ ಯುಪಿಐ ಮೂಲಕ 49,999 ರೂಪಾಯಿ ಹೋಯಿತು ಎನ್ನಿ. ಬ್ಯಾಂಕಿನ ಮೆಸೇಜು ತೆರೆದರೆ ಖಾತೆಯ ಕೊನೆಯ ಕೆಲವು ಅಂಕಿ, ಮೊತ್ತ, ದಿನಾಂಕ, ಆಮೇಲೆ "ಯುಪಿಐ ರೆಫ್" ಅಂತಲೋ "ಆರ್‌ಆರ್‌ಎನ್" ಅಂತಲೋ ಬರೆದು 12 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಬೇಕಾದದ್ದು ಅದೇ. ಅದು ಸರಿಯಾದದ್ದೇ ಎಂದು ತಿಳಿಯಲು ಒಂದು ಉಪಾಯವಿದೆ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. ಮಾರ್ಚ್ 15 ಎಂದರೆ 31, 28, 15 ಕೂಡಿ 74ನೇ ದಿನ. ಹಾಗಾಗಿ ಸಂಖ್ಯೆ 5074ರಿಂದ ಶುರುವಾಗಬೇಕು. ಮೆಸೇಜು ಅಳಿಸಿಹೋಗಿದ್ದರೆ ಆ್ಯಪಿನಲ್ಲಿ ನೋಡಬಹುದು, ಆದರೆ ಅಲ್ಲಿ ಎರಡೆರಡು ಸಂಖ್ಯೆ ಇರುತ್ತವೆ. ಫೋನ್‌ಪೇಯಲ್ಲಿ "ಟಿ" ಅಕ್ಷರದಿಂದ ಶುರುವಾಗುವ ಉದ್ದನೆಯದು ಫೋನ್‌ಪೇಯ ಸ್ವಂತ ಲೆಕ್ಕದ್ದು, ಕೆಳಗೆ "ಯುಟಿಆರ್" ಎಂದು ಇರುವುದೇ ನಮಗೆ ಬೇಕಾದದ್ದು. ಗೂಗಲ್ ಪೇಯಲ್ಲೂ ಹಾಗೆಯೇ: "ಯುಪಿಐ ಟ್ರಾನ್ಸಾಕ್ಷನ್ ಐಡಿ" ಬೇಕು, ಅಕ್ಷರ ಅಂಕಿ ಬೆರೆತ "ಗೂಗಲ್ ಟ್ರಾನ್ಸಾಕ್ಷನ್ ಐಡಿ" ಬೇಡ. ತಪ್ಪು ಸಂಖ್ಯೆ ಕೊಟ್ಟರೆ ದೂರು ದಾಖಲಾಗುತ್ತದೆ, ಆದರೆ ಬ್ಯಾಂಕಿನ ಕಂಪ್ಯೂಟರಿನಲ್ಲಿ ಆ ವ್ಯವಹಾರ ಸಿಗುವುದಿಲ್ಲ. ಸಿಕ್ಕದ ವ್ಯವಹಾರದ ಹಿಂದೆ ಯಾರೂ ಹೋಗಲಾರರು. ದುಡ್ಡು ಕಳಿಸುವ ಇನ್ನೊಂದು ದಾರಿಯಾದ ಐಎಂಪಿಎಸ್‌ಗೂ 12 ಅಂಕಿಯೇ. ನೆಫ್ಟ್ ಆದರೆ 16, ಆರ್‌ಟಿಜಿಎಸ್ ಆದರೆ 22, ಇವೆರಡರಲ್ಲೂ ಇಂಗ್ಲಿಷ್ ಅಕ್ಷರ ಬೆರೆತಿರುತ್ತವೆ. ಸೊನ್ನೆಯೋ "ಓ" ಅಕ್ಷರವೋ ಎಂದು ಎರಡು ಸಲ ನೋಡಿ ಬರೆದುಕೊಳ್ಳಿ.

1930 ಒಂದೇ ಸಲಕ್ಕೆ ಸಿಗದೇ ಇರಬಹುದು. ಮೂರು ನಾಲ್ಕು ಸಲ ಪ್ರಯತ್ನಿಸಿಯೂ ಸಿಗದಿದ್ದರೆ ಕಾಯಬೇಡಿ, cybercrime.gov.in ಪೋರ್ಟಲ್ಲಿನಲ್ಲಿ ಹಣಕಾಸು ವಂಚನೆ ವಿಭಾಗಕ್ಕೆ ಹೋಗಿ ನೇರವಾಗಿ ತುಂಬಿ. ಎರಡೂ ಹೋಗಿ ಸೇರುವುದು ಒಂದೇ ವ್ಯವಸ್ಥೆಗೆ. ಕರೆ ಸಿಕ್ಕರೆ ಕನ್ನಡದಲ್ಲೇ ಮಾತಾಡಿ. ಕತೆಯನ್ನು ಮೊದಲಿಂದ ಹೇಳಲು ಹೋಗಬೇಡಿ. "ಬೆಳಿಗ್ಗೆ ಕರೆಂಟ್ ಬಿಲ್ ಕಟ್ಟಿಲ್ಲ ಅಂತ ಮೆಸೇಜ್ ಬಂತು, ನಮ್ಮೆಜಮಾನ್ರು ಊರಲ್ಲಿರಲಿಲ್ಲ" ಎಂದು ಶುರುಮಾಡಿದರೆ ಐದು ನಿಮಿಷ ಹೋಗುತ್ತದೆ. "ಇಷ್ಟು ಗಂಟೆಗೆ, ಈ ಬ್ಯಾಂಕಿನಿಂದ, ಇಷ್ಟು ದುಡ್ಡು, ಈ ಸಂಖ್ಯೆ" ಅಷ್ಟೇ ಹೇಳಿ. ಉಳಿದದ್ದು ಅವರೇ ಕೇಳುತ್ತಾರೆ. ಮುಗಿದ ಮೇಲೆ ನಿಮ್ಮ ಮೊಬೈಲಿಗೆ ದೂರಿನ ಸ್ವೀಕೃತಿ ಸಂಖ್ಯೆ ಬರುತ್ತದೆ. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ.

ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಈ ಆತುರ ಯಾಕೆ ಎಂಬುದು ತಿಳಿಯುತ್ತದೆ. ನಿಮ್ಮ ದೂರು ಟಿಕೆಟ್ ಆಗಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಅವರು ಆ 12 ಅಂಕಿ ನೋಡಿ, ದುಡ್ಡು ಇಂಥ ಬ್ಯಾಂಕಿನ ಇಂಥ ಖಾತೆಗೆ ಹೋಯಿತು ಎಂದು ತುಂಬುತ್ತಾರೆ. ಟಿಕೆಟ್ ಆ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ದುಡ್ಡಿದ್ದರೆ ಅಷ್ಟಕ್ಕೆ ತಡೆ ಬೀಳುತ್ತದೆ, ಬ್ಯಾಂಕಿನ ಭಾಷೆಯಲ್ಲಿ ಲಿಯನ್ ಅಥವಾ ಹೋಲ್ಡ್. ಇಲ್ಲದಿದ್ದರೆ ಎಲ್ಲಿಗೆ ಹೋಯಿತು ಎಂದು ಆ ಬ್ಯಾಂಕು ತುಂಬಿ ಮೂರನೆಯದಕ್ಕೆ ದಾಟಿಸುತ್ತದೆ. ಮೊದಲ ಖಾತೆ ಒಂದನೇ ಲೇಯರ್, ಮುಂದಿನವು ಎರಡನೇ, ಮೂರನೇ ಲೇಯರ್. ವಂಚಕರ ಕಡೆಯ ಕೆಲಸವೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಐದು ಲಕ್ಷ ಬಂದರೆ ಅದನ್ನು ಹತ್ತು ಹನ್ನೆರಡು ಬಾಡಿಗೆ ಖಾತೆಗೆ (ದುಡ್ಡಿನಾಸೆಗೆ ಬೇರೆಯವರು ವಂಚಕರಿಗೆ ಬಳಸಲು ಕೊಟ್ಟ ಖಾತೆ) ಹರಿದು ಹಂಚುತ್ತಾರೆ, ಅಲ್ಲಿಂದ ಎಟಿಎಮ್ಮಿನಲ್ಲೋ ಚೆಕ್ಕಿನಲ್ಲೋ ತೆಗೆಯುತ್ತಾರೆ, ಇಲ್ಲವೇ ಕ್ರಿಪ್ಟೋ ಕೊಳ್ಳುತ್ತಾರೆ. ನೋಟಾಗಿ ಕೈಗೆ ಬಂದ ಕ್ಷಣದಲ್ಲಿ ಈ ಸರಪಳಿ ಕಡಿಯಿತು. ಒಂದನೇ ಲೇಯರಿನಲ್ಲಿ ಸಿಕ್ಕರೆ ಪೂರ್ತಿ ಮೊತ್ತ ಸಿಗುವ ಸಂಭವ ಇರುತ್ತದೆ, ನಾಲ್ಕನೆಯದರಲ್ಲಿ ಸಿಕ್ಕರೆ ಇಲ್ಲಿ ಮೂರು ಸಾವಿರ, ಅಲ್ಲಿ ಏಳುನೂರು ಎಂದು ಚೂರುಚೂರಾಗಿ ಸಿಗುತ್ತದೆ. "ಬೆಳಿಗ್ಗೆ ಬ್ಯಾಂಕ್ ತೆರೆದ ಮೇಲೆ ಹೋಗಿ ಕೇಳೋಣ" ಎಂದು ಮಲಗುವವರು ಕಳೆದುಕೊಳ್ಳುವುದು ಈ ಒಂದು ರಾತ್ರಿಯನ್ನು.

(ಇದಕ್ಕೊಂದು ಇನ್ನೊಂದು ಮುಖವೂ ಇದೆ. ಬಾಡಿಗೆ ಖಾತೆಯವನು ಬೇಕರಿಯಲ್ಲಿ ಇನ್ನೂರು ರೂಪಾಯಿ ಯುಪಿಐ ಮಾಡಿದರೆ ಬೇಕರಿಯವನ ಖಾತೆಯೂ ಒಂದು ಲೇಯರ್ ಆಗಿಬಿಡುತ್ತದೆ. ಹಾಗೆ ಸಿಕ್ಕಿಬಿದ್ದ ಅಂಗಡಿಯವರು ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಯಾವ ಊರಿನ ಠಾಣೆ ಎಂಬುದನ್ನು ಬರಹದಲ್ಲಿ ಪಡೆದು, ಬಿಲ್ಲಿನ ಪ್ರತಿಯೊಂದಿಗೆ ಆ ಠಾಣೆಗೆ ಮೇಲ್ ಮಾಡಬೇಕು. ಇಡೀ ಖಾತೆಗೆ ಬೀಗ ಹಾಕಿದ್ದರೆ, ತಕರಾರಿನ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡುವಂತೆ ಕೇಳಬೇಕು.)

ಪೋರ್ಟಲ್ ತುಂಬುವುದು

1930ಕ್ಕೆ ಹೇಳಿದ ಮಾತ್ರಕ್ಕೆ ದೂರು ಪೂರ್ತಿಯಾಗುವುದಿಲ್ಲ. 24 ಗಂಟೆಯೊಳಗೆ ಪೋರ್ಟಲ್ಲಿಗೆ ಹೋಗಿ, ಬಂದ ಸ್ವೀಕೃತಿ ಸಂಖ್ಯೆ ಹಾಕಿ ಪೂರ್ತಿ ವಿವರ ತುಂಬಬೇಕು. ಕರೆ ಮಾಡಿದ ಸಮಾಧಾನದಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಗುರುತಿನ ಚೀಟಿಯ ಫೋಟೋ ಜೆಪೆಗ್ ಅಥವಾ ಪಿಎನ್‌ಜಿ ಇರಬೇಕು, 5 ಎಂಬಿ ದಾಟಬಾರದು. ಪುರಾವೆಗಳು ಒಂದೊಂದೂ 10 ಎಂಬಿ ಒಳಗೆ. ಘಟನೆಯ ವಿವರ ಕನಿಷ್ಠ 200 ಅಕ್ಷರ ಇರಬೇಕು, ಅದರಲ್ಲಿ ಹ್ಯಾಷ್, ಡಾಲರ್, ಅಟ್ ತರಹದ ಚಿಹ್ನೆ ಇರಬಾರದು. ಫಾರ್ಮು ಯಾಕೆ ಮುಂದೆ ಹೋಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಲ್ಲಿ ಬಹಳ ಮಂದಿ ವಿವರದ ಜಾಗದಲ್ಲಿ ಅವನ ಯುಪಿಐ ಐಡಿ ಬರೆದಿರುತ್ತಾರೆ, ಅದರ ನಡುವೆ ಅಟ್ ಚಿಹ್ನೆ ಇರುತ್ತದೆ. ಅದನ್ನು ಶಂಕಿತನ ವಿವರದ ಜಾಗದಲ್ಲಿ ಹಾಕಿ. ಐದು ಸಲ ದುಡ್ಡು ಹೋಗಿದ್ದರೆ ಐದು ವ್ಯವಹಾರವನ್ನೂ ಬೇರೆ ಬೇರೆಯಾಗಿ ಸೇರಿಸಬೇಕು. ಒಟ್ಟು ಮೊತ್ತ ಬರೆದು ಒಂದೇ ಸಂಖ್ಯೆ ಕೊಟ್ಟರೆ ಉಳಿದ ನಾಲ್ಕರ ಹಿಂದೆ ಯಾರೂ ಹೋಗುವುದಿಲ್ಲ.

ವಿವರ ಬರೆಯುವ ರೀತಿ ಹೀಗಿರಲಿ: "15.03.2025ರಂದು ಸಂಜೆ 6.10ಕ್ಕೆ ಈ ನಂಬರಿನಿಂದ ಕರೆ ಬಂತು. ವಿದ್ಯುತ್ ಕಚೇರಿಯವನು ಎಂದು ಹೇಳಿಕೊಂಡ. ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಸಂಪರ್ಕ ಕಡಿತವಾಗುತ್ತದೆ ಎಂದ. ವಾಟ್ಸಾಪಿನಲ್ಲಿ ಒಂದು ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿಸಿದ. 6.32ಕ್ಕೆ 49,999, 6.34ಕ್ಕೆ 25,000 ರೂಪಾಯಿ ನನ್ನ ಖಾತೆಯಿಂದ ಹೋದವು. 6.50ಕ್ಕೆ 1930ಕ್ಕೆ ದೂರು ನೀಡಿದೆ." ಇಷ್ಟು ಸಾಕು. ಸಮಯದ ಕ್ರಮ ತಪ್ಪಬಾರದು, ನೀವು ಒಟಿಪಿ ಹೇಳಿದ್ದರೆ ಅದನ್ನು ಮುಚ್ಚಿಡಬಾರದು. ಬ್ಯಾಂಕಿನ ದಾಖಲೆಯಲ್ಲಿ ಅದು ಇದ್ದೇ ಇರುತ್ತದೆ. ಒಂದು ಸುಳ್ಳು ಹೊರಬಿದ್ದರೆ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ

ಮರುದಿನ ಶಾಖೆಗೆ ಹೋದರೆ ಕೇಳಿಬರುವ ಮಾತು ಹೆಚ್ಚಾಗಿ ಇದು: "ನೀವೇ ಒಟಿಪಿ ಕೊಟ್ಟಿದ್ದೀರಲ್ಲ ಸರ್, ನಾವೇನ್ ಮಾಡೋಕಾಗುತ್ತೆ." ಅರ್ಧ ನಿಜ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದ ನಷ್ಟವಾದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದ್ದು. ಆದರೆ ತಿಳಿಸಿದ ಮೇಲೆ ಹೋದ ಪ್ರತಿ ರೂಪಾಯಿ ಬ್ಯಾಂಕಿನದ್ದು. ಅದಕ್ಕೇ ತಿಳಿಸಿದ ಗಂಟೆ ನಿಮಿಷ ದಾಖಲೆಯಲ್ಲಿ ಇರಬೇಕು. ಕಸ್ಟಮರ್ ಕೇರ್‌ಗೆ ಹೇಳಿದಾಗ ದೂರಿನ ಸಂಖ್ಯೆ ಕೇಳಿ ಪಡೆಯಿರಿ, ಅದೇ ರಾತ್ರಿ ಬ್ಯಾಂಕಿನ ಅಧಿಕೃತ ವಿಳಾಸಕ್ಕೆ ಒಂದು ಇಮೇಲ್ ಹಾಕಿ. ಮರುದಿನ ಕೊಡುವ ಅರ್ಜಿಗೆ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಎಲ್ಲೋ ಸೋರಿಕೆಯಾಗಿದೆ ಎನ್ನುವಂಥ ಪ್ರಕರಣವಾದರೆ ಅದೇ ಸುತ್ತೋಲೆ ನಿಮ್ಮ ಕಡೆ ನಿಲ್ಲುತ್ತದೆ. ವ್ಯವಹಾರದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ಹೇಳಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ. ಬ್ಯಾಂಕು 10 ಕೆಲಸದ ದಿನಗಳಲ್ಲಿ ತಾತ್ಕಾಲಿಕವಾಗಿ ಮೊತ್ತ ಜಮಾ ತೋರಿಸಬೇಕು, 90 ದಿನಗಳಲ್ಲಿ ತೀರ್ಮಾನಿಸಬೇಕು. ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಹೋಗಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಯುಪಿಐ ಪಿನ್ ನೀವೇ ಒತ್ತಿ ಕಳಿಸಿದ ದುಡ್ಡಿಗೆ ಈ ದಾರಿಯಲ್ಲಿ ಬಹಳ ಆಸೆ ಇಟ್ಟುಕೊಳ್ಳುವುದು ಬೇಡ ಎಂಬುದನ್ನು ನೇರವಾಗಿಯೇ ಹೇಳಬೇಕು. ಅಲ್ಲಿ ಕೆಲಸಕ್ಕೆ ಬರುವುದು ಲಿಯನ್ ಒಂದೇ.

ಠಾಣೆ

ಪೋರ್ಟಲ್ಲಿನ ಸ್ವೀಕೃತಿ ಎಫ್‌ಐಆರ್ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಎಫ್‌ಐಆರ್ ಇಲ್ಲದೆ ತನಿಖೆ ಮುಂದೆ ಹೋಗುವುದಿಲ್ಲ, ತಡೆಹಿಡಿದ ದುಡ್ಡು ಬಿಡಿಸಲು ಕೋರ್ಟಿಗೆ ಹೋದಾಗಲೂ ಮೊದಲು ಕೇಳುವುದು ಅದನ್ನೇ. ಜಿಲ್ಲೆಗಳಲ್ಲಿ ಸಿಇಎನ್ ಠಾಣೆ ಎಂದು ಕರೆಯುವ ಸೈಬರ್, ಆರ್ಥಿಕ, ಮಾದಕ ಅಪರಾಧಗಳ ಠಾಣೆ ಇದೆ. ಮನೆ ಹತ್ತಿರದ ಮಾಮೂಲಿ ಠಾಣೆಗೂ ಹೋಗಬಹುದು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಇಂಥ ಪ್ರಕರಣದ ತನಿಖಾಧಿಕಾರಿ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. "ಸಾಹೇಬ್ರು ಬರ್ಲಿ" ಎಂದು ಕೂರಿಸುವುದಕ್ಕೆ ಒಂದು ಕಾರಣ ಇದೂ ಇರಬಹುದು.

"ಇದು ನಮ್ಮ ವ್ಯಾಪ್ತಿ ಅಲ್ಲ" ಎಂದು ಕಳಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ನೆನಪಿಸಬಹುದು. ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು, ಇಮೇಲ್ ಮೂಲಕವೂ ಕೊಡಬಹುದು, ಹಾಗೆ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ಸೆಕ್ಷನ್ನಿನ 4ನೇ ಉಪವಿಭಾಗದಂತೆ ಎಸ್‌ಪಿಗೆ ಬರಹದಲ್ಲಿ ಕಳಿಸಬಹುದು. ಇದನ್ನೆಲ್ಲ ಕೌಂಟರಿನಲ್ಲಿ ಜೋರಾಗಿ ಓದಿ ಹೇಳುವುದಕ್ಕಿಂತ, ಟೈಪು ಮಾಡಿದ ದೂರು, ಸ್ಟೇಟ್‌ಮೆಂಟು, ಸ್ವೀಕೃತಿ ಪ್ರತಿ ಒಂದು ಫೈಲಿನಲ್ಲಿ ಜೋಡಿಸಿಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್‌ಗೆ ಟೈಪು ಮಾಡುವ ಹೊರೆ ಕಡಿಮೆಯಾದಷ್ಟೂ ನಿಮಗೆ ಒಳ್ಳೆಯದು. ಎಫ್‌ಐಆರಿನಲ್ಲಿ ಸಾಮಾನ್ಯವಾಗಿ ಕಾಣುವ ಸೆಕ್ಷನ್ನುಗಳು ಐಟಿ ಕಾಯ್ದೆಯ 66ಸಿ, 66ಡಿ ಮತ್ತು ಭಾರತೀಯ ನ್ಯಾಯ ಸಂಹಿತೆಯ 318(4), 319(2).

ಪುರಾವೆಯ ಬಗ್ಗೆ ಒಂದು ಮಾತು. ಕಾಲ್ ಲಾಗಿನ ಸ್ಕ್ರೀನ್‌ಶಾಟಿನಲ್ಲಿ ನಂಬರ್ ಕಾಣಬೇಕು. ಟ್ರೂಕಾಲರಿನಲ್ಲಿ ಬಂದ ಹೆಸರು ಸಾಲದು, ಅದನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ವಾಟ್ಸಾಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡ ಮೇಲೆಯೇ ಅವನನ್ನು ಬ್ಲಾಕ್ ಮಾಡಿ. ಎಪಿಕೆ ಫೈಲನ್ನು ಯಾರಿಗೂ ಫಾರ್ವರ್ಡ್ ಮಾಡದೆ ಫೋನಿನಲ್ಲೇ ಬಿಡಿ. ಪ್ರಿಂಟು, ಪೆನ್‌ಡ್ರೈವ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕಾಗುತ್ತದೆ, ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದದ್ದು. ಅದರ ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರದ್ದು.

ತಡೆಹಿಡಿದ ದುಡ್ಡು ಕೈಗೆ ಬರುವುದು

"ನಿಮ್ಮ 38,000 ಹೋಲ್ಡ್ ಆಗಿದೆ" ಎಂದು ತಿಳಿದ ದಿನ ಅರ್ಧ ಜೀವ ಬರುತ್ತದೆ. ಆದರೆ ಆ ದುಡ್ಡು ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಸಾಮಾನ್ಯ ದಾರಿ ಎಂದರೆ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್ ಅಡಿ ಅರ್ಜಿ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ ಸಂಖ್ಯೆಯಿಂದ, ಹಳೆಯ ವಕೀಲರ ಬಾಯಲ್ಲಿ ಇನ್ನೂ ಇದು "457 ಅರ್ಜಿ". ಜೊತೆಗೆ ಸ್ವೀಕೃತಿ, ಎಫ್‌ಐಆರ್, ಖಾತೆಯ ಸ್ಟೇಟ್‌ಮೆಂಟ್, ಗುರುತಿನ ಚೀಟಿ, ಮತ್ತು ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ತಡೆಯಲಾಗಿದೆ ಎಂಬ ಪಟ್ಟಿ. ಈ ಪಟ್ಟಿ ತನಿಖಾಧಿಕಾರಿಯ ಬಳಿ ಇರುತ್ತದೆ, ಕೇಳಿ ಪಡೆಯಬೇಕು. ಕೋರ್ಟು ಪೊಲೀಸರ ವರದಿ ತರಿಸಿಕೊಂಡು, ಹೆಚ್ಚಾಗಿ ಒಂದು ಬಾಂಡ್ ಬರೆಸಿಕೊಂಡು ಆದೇಶ ಕೊಡುತ್ತದೆ.

ತಡವಾಗುವುದು ಬಹುಪಾಲು ಕಾಗದದ ತಪ್ಪಿನಿಂದ. ಆದೇಶದಲ್ಲಿ ಬ್ಯಾಂಕಿನ ಹೆಸರಿದ್ದು ಖಾತೆ ಸಂಖ್ಯೆ ಇಲ್ಲದಿರುವುದು, ಆರು ಖಾತೆಗಳಲ್ಲಿ ನಾಲ್ಕನ್ನು ಮಾತ್ರ ಬರೆದಿರುವುದು, ದುಡ್ಡು ಜಮಾ ಆಗಬೇಕಾದ ನಿಮ್ಮ ಖಾತೆಯ ಐಎಫ್‌ಎಸ್‌ಸಿ ತಪ್ಪಾಗಿರುವುದು. ಆದೇಶ ಹಿಡಿದುಕೊಂಡು ದೂರದ ರಾಜ್ಯದ ಶಾಖೆಗೆ ಮೇಲ್ ಮಾಡಿದರೆ "ಮೊತ್ತ ಹೊಂದುತ್ತಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಮತ್ತೆ ಕೋರ್ಟಿಗೆ ತಿದ್ದುಪಡಿ ಅರ್ಜಿ. ಆದ್ದರಿಂದ ಅರ್ಜಿ ಸಲ್ಲಿಸುವ ದಿನವೇ ಪಟ್ಟಿಯನ್ನು ವಕೀಲರ ಜೊತೆ ಕೂತು ಒಂದೊಂದು ಅಂಕಿಯೂ ತಾಳೆ ನೋಡಿ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಎಂದು ಸಂಹಿತೆಯ 193ನೇ ಸೆಕ್ಷನ್ ಹೇಳುತ್ತದೆ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಈ ಕಾಯುವ ತಿಂಗಳುಗಳಲ್ಲೇ ಎರಡನೇ ಮೋಸ ಬರುವುದು. "ಸೈಬರ್ ಸೆಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಅಮೌಂಟ್ ರಿಲೀಸ್ ಆಗಿದೆ, ಪ್ರೊಸೆಸಿಂಗ್ ಚಾರ್ಜ್ 2,500 ಕಟ್ಟಿ." ಹೆಸರು, ಕಳೆದುಕೊಂಡ ಮೊತ್ತ ಎಲ್ಲ ಸರಿಯಾಗಿಯೇ ಹೇಳುತ್ತಾನೆ, ಯಾಕೆಂದರೆ ಮೊದಲು ದೋಚಿದವರೇ ಆ ಪಟ್ಟಿ ಮಾರಿರಬಹುದು, ಅಥವಾ ನೀವೇ ಸಿಟ್ಟಿನಲ್ಲಿ ಸೋಶಿಯಲ್ ಮೀಡಿಯಾದಲ್ಲಿ ಹಾಕಿರಬಹುದು. 1930ರವರಾಗಲಿ ಪೊಲೀಸರಾಗಲಿ ದುಡ್ಡು ಬಿಡಿಸಲು ಫೀಸು ಕೇಳುವುದಿಲ್ಲ.

ದುಡ್ಡು ಹೋಗಿಲ್ಲ, ಕರೆ ಮಾತ್ರ ಬಂದಿದೆ

ಇದಕ್ಕೆ 1930 ಅಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್ಲಿನಲ್ಲಿರುವ ಚಕ್ಷು ಎಂಬ ದೂರು ವಿಭಾಗ. 2024ರ ಮಾರ್ಚ್ 4ರಂದು ಶುರುವಾದದ್ದು, ಹೆಸರಿಗೆ ತಕ್ಕಂತೆ ಕಣ್ಣು. ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ ಹೋಗಿ, ಕರೆಯೋ ಎಸ್ಸೆಮ್ಮೆಸ್ಸೋ ವಾಟ್ಸಾಪೋ ಎಂದು ಆರಿಸಿ, ಯಾವ ಬಗೆಯ ಮೋಸ ಎಂದು ಗುರುತು ಮಾಡಿ, ನಂಬರ್, ದಿನ, ಸಮಯ, ಸ್ಕ್ರೀನ್‌ಶಾಟ್ ಹಾಕಿ ಒಟಿಪಿ ಕೊಟ್ಟರೆ ಮುಗಿಯಿತು, ಎರಡು ಮೂರು ನಿಮಿಷದ ಕೆಲಸ. ಕಳೆದ 30 ದಿನದೊಳಗಿನ ಕರೆಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಇಲ್ಲಿ ಹೇಳಿದರೆ ದುಡ್ಡು ವಾಪಸ್ ಬರುವುದಿಲ್ಲ, ಆ ಸಿಮ್ ಪರಿಶೀಲನೆಗೆ ಒಳಗಾಗುತ್ತದೆ. ದುಡ್ಡು ಕಳೆದುಕೊಂಡು ಚಕ್ಷುವಿನಲ್ಲಿ ಮಾತ್ರ ಬರೆದು ಕಾದು ಕೂರುವವರೂ ಇದ್ದಾರೆ. ಆ ಕಾಯುವಿಕೆಯಿಂದ ಏನೂ ಸಿಗುವುದಿಲ್ಲ.

ಲೋನ್ ಬೇಕಾ, ಸೈಟ್ ಬೇಕಾ ಎಂಬ ಕಾಟದ ಕರೆ ಮೂರನೇ ಬಗೆ. ಅದಕ್ಕೆ 1909, ಅಥವಾ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಡಿಎನ್‌ಡಿ ಆ್ಯಪ್. 2025ರ ಫೆಬ್ರವರಿಯ ತಿದ್ದುಪಡಿಯಂತೆ ಕರೆ ಬಂದ 7 ದಿನದೊಳಗೆ ದೂರಬಹುದು, ಮೊದಲು 3 ದಿನವಿತ್ತು. 10 ದಿನದಲ್ಲಿ 5 ದೂರು ಬಿದ್ದರೆ ಟೆಲಿಕಾಂ ಕಂಪನಿ ಕ್ರಮ ಶುರುಮಾಡಬೇಕು. ಹಾಗಾಗಿ ಒಂದೇ ನಂಬರಿನಿಂದ ಕರೆ ಬಂದ ಒಂದೇ ಅಪಾರ್ಟ್‌ಮೆಂಟಿನ ಐದು ಮನೆಯವರು ದೂರಿದರೆ ಫಲ ಇದೆ.

ನಂಬರ್ ನೋಡಿ ಎಷ್ಟು ತಿಳಿಯಬಹುದು? 140ರಿಂದ ಶುರುವಾದರೆ ಮಾರಾಟದ ಕರೆ. 1600ರಿಂದ ಶುರುವಾಗುವ ಸರಣಿ ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳಿಗೆಂದು ಇಟ್ಟದ್ದು. ಸಾದಾ 10 ಅಂಕಿಯ ಮೊಬೈಲಿನಿಂದ "ಬ್ಯಾಂಕಿನ ಹೆಡ್ ಆಫೀಸ್" ಮಾತಾಡಿದರೆ ಅಲ್ಲೇ ಅನುಮಾನ ಪಡಬೇಕು. ವಿದೇಶದಿಂದ ಕರೆ ಮಾಡಿ ಭಾರತದ ನಂಬರ್ ತೋರಿಸುವ ಆಟಕ್ಕೆ ತಡೆ ಹಾಕುವ ವ್ಯವಸ್ಥೆ 2024ರ ಅಕ್ಟೋಬರ್ 22ರಂದು ಬಂತು. ವಂಚಕರ ಬಳಿ ಸಿಮ್ ಬಾಕ್ಸ್ ಎಂಬ ಇನ್ನೊಂದು ಸಾಧನವೂ ಇದೆ. ಹತ್ತಾರು, ನೂರಾರು ಸಿಮ್ ತುಂಬಿದ ಒಂದು ಪೆಟ್ಟಿಗೆ. ಹೊರದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕರೆ ಅದರೊಳಗೆ ಹೊಕ್ಕು ಇಲ್ಲಿನ ಸಿಮ್ಮಿನ ಕರೆಯಾಗಿ ಹೊರಬರುತ್ತದೆ. ಆ ಸಿಮ್ಮುಗಳು ಯಾರ ಹೆಸರಿನವು? ಬೀದಿಬದಿಯ ಛತ್ರಿ ಕೆಳಗೆ ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಒಂದು ಸಿಮ್ ನಿಮ್ಮ ಕೈಗೆ, ಇನ್ನೊಂದು ಅವರ ಜೇಬಿಗೆ. ಸಂಚಾರ ಸಾಥಿಯಲ್ಲೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು, ನಿಮ್ಮದಲ್ಲದ್ದನ್ನು "ನನ್ನ ನಂಬರ್ ಅಲ್ಲ" ಎಂದು ಗುರುತು ಮಾಡಬಹುದು. ಕೊರಿಯರ್ ಬಂದಿದೆ, ಸ್ಟಾರ್ 21 ಸ್ಟಾರ್ ಒತ್ತಿ ಈ ನಂಬರ್ ಹಾಕಿ ಎಂದು ಯಾರಾದರೂ ಹೇಳಿ ನೀವು ಹಾಗೆ ಮಾಡಿದ್ದರೆ, ನಿಮ್ಮ ಕರೆಗಳು ಅವನಿಗೆ ತಿರುಗಿರುತ್ತವೆ. ##002# ಡಯಲ್ ಮಾಡಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ಡಿಜಿಟಲ್ ಅರೆಸ್ಟ್ ಕರೆ ಮಾತ್ರ ಬೇರೆಯದೇ ಜಾತಿ. ಉಳಿದವು ನಿಮಿಷಗಳಲ್ಲಿ ಮುಗಿದರೆ ಇದು ದಿನಗಟ್ಟಲೆ ನಡೆಯುತ್ತದೆ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ ಧ್ವನಿಮುದ್ರಣ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದ್ದು. ಪಾರ್ಸೆಲ್‌ನಲ್ಲಿ ಡ್ರಗ್ಸ್, ಆಧಾರ್ ಮೇಲೆ ಮನಿ ಲಾಂಡರಿಂಗ್, ವಿಡಿಯೋ ಕಾಲಿನಲ್ಲಿ ಖಾಕಿ, ಹಿಂದೆ ಠಾಣೆಯ ಪರದೆ, "ಮನೆಯವರಿಗೂ ಹೇಳಬೇಡಿ" ಎಂಬ ಅಪ್ಪಣೆ. ಈ ಕೊನೆಯ ಮಾತೇ ಇಡೀ ಮೋಸದ ಕೀಲಿ. ಕಾನೂನಿನಲ್ಲಿ ವಿಡಿಯೋ ಕಾಲ್ ಬಂಧನ ಎಂಬುದೇ ಇಲ್ಲ. ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನು ಸಹ ವಾಟ್ಸಾಪಿನಲ್ಲಿ ಜಾರಿ ಮಾಡಬಾರದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡು ಹೋಗುವುದು ಎಫ್‌ಡಿ ಮುರಿಸಿ ಆರ್‌ಟಿಜಿಎಸ್‌ನಲ್ಲಿ, ಹಾಗಾಗಿ 22 ಅಕ್ಷರದ ಸಂಖ್ಯೆ ಹುಡುಕಿ. ರೂಮಿನ ಬಾಗಿಲು ಹಾಕಿಕೊಂಡು ಅಪ್ಪ ಎರಡು ದಿನದಿಂದ ಯಾರ ಜೊತೆಗೋ ಪಿಸುಗುಡುತ್ತಿದ್ದರೆ, ಊಟಕ್ಕೂ ಫೋನ್ ಹಿಡಿದೇ ಬರುತ್ತಿದ್ದರೆ ಬೈಯಬೇಡಿ. ಫೋನ್ ಕೈಗೆ ತೆಗೆದುಕೊಂಡು, ಕ್ಯಾಮೆರಾ ಮುಂದೆ ನೀವು ಕಾಣಿಸಿಕೊಳ್ಳಿ. ಗುಟ್ಟು ಮುರಿದ ಮೇಲೆ ಅವನ ಹಿಡಿತ ಸಡಿಲವಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬೇಸತ್ತು ಹಳೆಯ ನಂಬರ್ ಬಿಡುವ, ಹಳೆಯ ಖಾತೆ ಮುಚ್ಚುವ ಮನಸ್ಸಾಗುತ್ತದೆ. ಸದ್ಯಕ್ಕೆ ಬೇಡ. ಪೋರ್ಟಲ್ಲಿನ ಒಟಿಪಿ, ದೂರಿನ ಸ್ಥಿತಿಯ ಮೆಸೇಜು, ತನಿಖಾಧಿಕಾರಿಯ ಕರೆ ಎಲ್ಲ ಬರುವುದು ದೂರಿನಲ್ಲಿ ಕೊಟ್ಟ ನಂಬರಿಗೆ. ಕೋರ್ಟಿನ ಆದೇಶದಲ್ಲಿ ನಮೂದಾದ ಖಾತೆ ಮುಚ್ಚಿಹೋಗಿದ್ದರೆ ಬಂದ ದುಡ್ಡು ಬಾಗಿಲಿಗೆ ಬಂದು ವಾಪಸ್ ಹೋಗುತ್ತದೆ. ನೆಟ್ ಬ್ಯಾಂಕಿಂಗ್, ಯುಪಿಐ ತೆಗೆಸಿ, ಐನೂರೋ ಸಾವಿರವೋ ಕನಿಷ್ಠ ಮೊತ್ತ ಇಟ್ಟು, ಕೊನೆಯ ಚೂರು ಜಮಾ ಆಗುವವರೆಗೆ ಎರಡನ್ನೂ ಜೀವಂತ ಇಡಿ.